ಬಿ.ಸಿ. 547ಕ್ಕೆ ಬಿಸಿ ತಾಗಿತೇ?

ಪ್ರಶ್ನೆ: ನಾನು ಬಳ್ಳಾರಿಯವನು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೇನೆ. ಜನವರಿಯಲ್ಲಿ ಕಂಡೆನ್ಸರ್ ಮೈಕಿಗೆಂದು ಒಂದು ಪ್ರಿಆಂಪ್ಲಿಫೈಯರ್ ಕಟ್ಟಿದೆ. 9 ವೋಲ್ಟಿನ ಎಲಿಮಿನೇಟರ್ (ಬ್ಯಾಟರಿಯ ಬದಲಿನ ಅಡಾಪ್ಟರ್), ಒಂದು ಬಿ.ಸಿ. 547 ಟ್ರಾನ್ಸಿಸ್ಟರ್, ಅದರ ಕಲೆಕ್ಟರಿಗೆ 4.7 ಕೆ (ಕಿಲೋಓಮ್) ರೆಸಿಸ್ಟರ್, ಪ್ಲಸ್ಸಿನಿಂದ ಬೇಸಿಗೆ 2.2 ಮೆಗ್ (ಮೆಗಾಓಮ್), ಎಮಿಟರ್ ನೇರವಾಗಿ ಗ್ರೌಂಡಿಗೆ. ಕಲೆಕ್ಟರಿನಲ್ಲಿ 4.4 ವೋಲ್ಟ್ ಇತ್ತು, ದನಿ ಚೆನ್ನಾಗಿತ್ತು. ಗೆಳೆಯರಿಗಾಗಿ ಇದನ್ನೇ ಇನ್ನೆರಡು ಬೋರ್ಡಿನಲ್ಲಿ ಕಟ್ಟಿದರೆ ಒಂದರಲ್ಲಿ ಕಲೆಕ್ಟರ್ 0.1 ವೋಲ್ಟ್, ದನಿಯೇ ಇಲ್ಲ. ಇನ್ನೊಂದರಲ್ಲಿ 6.3 ವೋಲ್ಟ್, ದನಿ ಕ್ಷೀಣ. ಮೀಟರಿನಲ್ಲಿ ಅಳೆದಾಗ ಮೂರರ ಬೀಟಾ (ಕಲೆಕ್ಟರ್ ಕರೆಂಟು ಬೇಸ್ ಕರೆಂಟಿನ ಎಷ್ಟು ಪಟ್ಟು ಎಂಬ ಸಂಖ್ಯೆ) 260, 530, 150 ಎಂದು ತೋರಿಸಿತು. ಸೀನಿಯರ್ ಒಬ್ಬರು 2.2 ಮೆಗ್ ತೆಗೆಸಿ, ಬೇಸಿನ ಮೇಲ್ಗಡೆ 8.2 ಕೆ, ಕೆಳಗಡೆ 1 ಕೆ ಪ್ರಿಸೆಟ್ (ತಿರುಗಿಸಿ ಮೌಲ್ಯ ಬದಲಿಸುವ ರೆಸಿಸ್ಟರ್) ಹಾಕಿಸಿದರು. ಪ್ರಿಸೆಟ್ ತಿರುಗಿಸಿ ಮೂರನ್ನೂ 4.4ಕ್ಕೆ ತಂದೆವು. ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಕೋಣೆಯಲ್ಲಿ ನೋಡಿದರೆ ಮೂರೂ 0.1! ನನಗೆ ಸಿಕ್ಕಿದ್ದು ಡೂಪ್ಲಿಕೇಟ್ ಮಾಲೇ, ಅಥವಾ ಇದು ನಮ್ಮೂರ ಬಿಸಿಲಿನ ಕಾಟವೇ?

ಉತ್ತರ: ಮೊದಲು ಅಂಗಡಿಯವರ ಮೇಲಿನ ಅನುಮಾನವನ್ನು ಬಿಡಿ. ನಿಮ್ಮ ಮೂರು ಟ್ರಾನ್ಸಿಸ್ಟರುಗಳೂ ಡೇಟಾಶೀಟಿಗೆ ಸರಿಯಾಗಿಯೇ ಇವೆ. ಬಿ.ಸಿ. 547ರ ಬೀಟಾ 110ರಿಂದ 800ರವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದು ತಯಾರಕರೇ ಬರೆದಿರುತ್ತಾರೆ. ಹೆಸರಿನ ಕೊನೆಗೆ ಎ ಇದ್ದರೆ 110ರಿಂದ 220, ಬಿ ಇದ್ದರೆ 200ರಿಂದ 450, ಸಿ ಇದ್ದರೆ 420ರಿಂದ 800. ಅಕ್ಷರವನ್ನು ನೋಡದೆ ತಂದರೆ ಏನು ಬರುತ್ತದೆಯೋ ಅದೇ ಪ್ರಸಾದ. ನಿಮ್ಮ 150, 260, 530 ಒಂದೊಂದು ಗುಂಪಿಗೆ ಒಂದೊಂದರಂತೆ ಸೇರುತ್ತವೆ, ಅಷ್ಟೆ.

ಇಷ್ಟೊಂದು ವ್ಯತ್ಯಾಸ ಏಕೆ ಎಂದು ಕೇಳಬಹುದು. ಬೀಟಾ ಎಂಬುದು ದೊಡ್ಡದೊಂದನ್ನು ಪುಟ್ಟದೊಂದರಿಂದ ಭಾಗಿಸಿ ಬಂದ ಸಂಖ್ಯೆ. ಎಮಿಟರಿನ ಕರೆಂಟನ್ನು 1000 ಪಾಲು ಎಂದುಕೊಳ್ಳಿ. ಅದರಲ್ಲಿ 996 ಕಲೆಕ್ಟರಿಗೂ 4 ಬೇಸಿಗೂ ಹೋದರೆ ಬೀಟಾ 249. ಇನ್ನೊಂದು ಟ್ರಾನ್ಸಿಸ್ಟರಿನಲ್ಲಿ 998 ಮತ್ತು 2 ಎಂದು ಹಂಚಿಕೆಯಾದರೆ ಬೀಟಾ 499. ಟ್ರಾನ್ಸಿಸ್ಟರಿನ ಮುಖ್ಯ ಕೆಲಸದಲ್ಲಿ ಸಾವಿರಕ್ಕೆ ಎರಡು ಪಾಲಿನ ಹೆಚ್ಚುಕಡಿಮೆ, ಬೀಟಾದಲ್ಲಿ ಮಾತ್ರ ಎರಡರಷ್ಟು. ಕಾರ್ಖಾನೆಯವರು ಇದನ್ನು ಹತೋಟಿಯಲ್ಲಿಡಲು ಹೆಣಗುವ ಬದಲು ಅಳೆದು ಎ, ಬಿ, ಸಿ ಎಂದು ವಿಂಗಡಿಸಿ ಕೈತೊಳೆದುಕೊಳ್ಳುತ್ತಾರೆ. ಸರಿಯಾದ ನಿರ್ಧಾರವೇ. ಬೀಟಾವನ್ನು ನಂಬಿ ಸರ್ಕ್ಯೂಟ್ ಕಟ್ಟಿದ್ದು ನಮ್ಮ ತಪ್ಪು.

ನಿಮ್ಮ ಮೊದಲ ಸರ್ಕ್ಯೂಟ್ ನಂಬಿದ್ದು ಅದನ್ನೇ. ಬೇಸಿಗೆ ಹರಿಯುವುದು 9ರಲ್ಲಿ 0.65 ಕಳೆದು 2.2 ಮೆಗ್‌ನಿಂದ ಭಾಗಿಸಿದಷ್ಟು, ಅಂದರೆ 3.8 ಮೈಕ್ರೋಆಂಪಿಯರ್. ಯಾವ ಟ್ರಾನ್ಸಿಸ್ಟರ್ ಹಾಕಿದರೂ ಇದು ಬದಲಾಗದು. ಬೀಟಾ 260 ಇದ್ದಾಗ ಕಲೆಕ್ಟರಿನಲ್ಲಿ 0.99 ಮಿಲಿಆಂಪಿಯರ್ ಹರಿದು, 4.7 ಕೆ ಮೇಲೆ 4.6 ವೋಲ್ಟ್ ಬಿದ್ದು, 4.4 ಉಳಿಯಿತು. ಬೀಟಾ 150ಕ್ಕೆ 0.57 ಮಿಲಿಆಂಪಿಯರ್, ಉಳಿದದ್ದು 6.3. ಕರೆಂಟು ಇಳಿದರೆ ಆ ಅನುಪಾತದಲ್ಲೇ ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು, ಕೂಡ ಇಳಿಯುತ್ತದೆ, ಅದಕ್ಕೇ ದನಿ ಕ್ಷೀಣ. ಬೀಟಾ 530 ಆದಾಗ ಟ್ರಾನ್ಸಿಸ್ಟರ್ ಎರಡು ಮಿಲಿಆಂಪಿಯರ್ ಎಳೆಯಲು ಹೊರಟಿತು. ಆದರೆ 9 ವೋಲ್ಟಿನಿಂದ 4.7 ಕೆ ಮೂಲಕ 1.9ಕ್ಕಿಂತ ಹೆಚ್ಚು ಬರುವುದೇ ಇಲ್ಲ. ಕಲೆಕ್ಟರ್ ನೆಲ ಕಚ್ಚಿತು. ಸ್ಯಾಚುರೇಷನ್ ಎಂದು ನಿಮ್ಮ ಮೇಷ್ಟರು ಹೇಳಿಕೊಟ್ಟಿರುವುದು ಇದನ್ನೇ. ನೀವು ಅಳೆದ ಮೂರೂ ವೋಲ್ಟೇಜುಗಳು ಕಾಗದದ ಲೆಕ್ಕಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತವೆ. ನಿಜ ಹೇಳಬೇಕೆಂದರೆ ಪತ್ರದಲ್ಲಿ ಬೀಟಾವನ್ನೂ ಕಲೆಕ್ಟರ್ ವೋಲ್ಟೇಜನ್ನೂ ಬರೆದು ಕಳುಹಿಸುವವರು ಅಪರೂಪ. ಅಷ್ಟು ಇದ್ದರೆ ಉತ್ತರ ಅರ್ಧ ಬರೆದಂತೆಯೇ.

ಈಗ ಬಿಸಿಲಿನ ವಿಷಯ. ಹೆಸರಿನಲ್ಲೇ ಬಿಸಿ ಇಟ್ಟುಕೊಂಡ ಈ ಟ್ರಾನ್ಸಿಸ್ಟರಿಗೆ ನಿಮ್ಮ ಮೊದಲ ಸರ್ಕ್ಯೂಟಿನಲ್ಲಿ ಬಿಸಿಯಿಂದ ಅಂಥ ಅಪಾಯವೇನೂ ಇರಲಿಲ್ಲ. ಕೋಣೆ 20 ಡಿಗ್ರಿಯಿಂದ 44ಕ್ಕೆ ಏರಿದರೆ ಬೀಟಾ ಶೇ. 15–20ರಷ್ಟು ಹೆಚ್ಚಬಹುದು, 4.4 ವೋಲ್ಟ್ ಮೂರೂವರೆಗೆ ಇಳಿಯಬಹುದು. ಮೈಕಿನ ಸಣ್ಣ ಸಿಗ್ನಲ್ಲಿಗೆ ಅಷ್ಟು ಜಾಗ ಧಾರಾಳ. ಅಲ್ಲಿ ಕೆಡಿಸಿದ್ದು ಬೀಟಾ.

ಬಿಸಿಲು ಕೆಡಿಸಿದ್ದು ನಿಮ್ಮ ಸೀನಿಯರ್ ಮಾಡಿಸಿದ ಎರಡನೆಯ ಸರ್ಕ್ಯೂಟನ್ನು. ಅವರ ಯೋಚನೆಯಲ್ಲಿ ಹುರುಳಿಲ್ಲವೆಂದಲ್ಲ. ಬೀಟಾದ ಹಂಗು ಬೇಡ, ಬೇಸಿಗೆ ನೇರ 0.64 ವೋಲ್ಟ್ ಕೊಟ್ಟುಬಿಡೋಣ ಎಂಬುದು ಅವರ ಲೆಕ್ಕ. ಬೀಟಾದ ಹಂಗು ನಿಜಕ್ಕೂ ತಪ್ಪಿತು, ಆದರೆ ಅದಕ್ಕಿಂತ ಜಗಮೊಂಡನ ಕೈಗೆ ಸಿಕ್ಕಿಬಿದ್ದಿರಿ. ಬೇಸ್–ಎಮಿಟರ್ ವೋಲ್ಟೇಜು 18 ಮಿಲಿವೋಲ್ಟ್ ಹೆಚ್ಚಿದರೆ ಕಲೆಕ್ಟರ್ ಕರೆಂಟು ಎರಡರಷ್ಟಾಗುತ್ತದೆ. 60 ಮಿಲಿವೋಲ್ಟ್ ಹೆಚ್ಚಿದರೆ ಹತ್ತರಷ್ಟು. ಇದರ ಜೊತೆಗೆ, ಪ್ರತಿ ಡಿಗ್ರಿ ಬಿಸಿಗೂ ಅದೇ ಕರೆಂಟಿಗೆ ಬೇಕಾಗುವ ವೋಲ್ಟೇಜು ಸುಮಾರು 2 ಮಿಲಿವೋಲ್ಟ್ ಕಡಿಮೆಯಾಗುತ್ತ ಹೋಗುತ್ತದೆ. 24 ಡಿಗ್ರಿ ಏರಿದಾಗ ಟ್ರಾನ್ಸಿಸ್ಟರಿಗೆ 0.59 ವೋಲ್ಟ್ ಸಾಕಾಗಿತ್ತು. ನೀವು ಜನವರಿಯ 0.64ನ್ನೇ ಕೊಡುತ್ತಿದ್ದಿರಿ. ಹೆಚ್ಚುವರಿ 48 ಮಿಲಿವೋಲ್ಟ್ ಎಂದರೆ ಕರೆಂಟು ಆರು ಪಟ್ಟು ಆಗಬೇಕು. ಎರಡು ಪಟ್ಟಿಗೇ ಸ್ಯಾಚುರೇಟ್ ಆಗುವ ಸರ್ಕ್ಯೂಟ್ ಅದು. ಮೂರೂ ಬೋರ್ಡುಗಳು ಒಟ್ಟಿಗೇ ಮಲಗಿದ್ದರಲ್ಲಿ ಆಶ್ಚರ್ಯವಿಲ್ಲ.

ಎಲಿಮಿನೇಟರಿನ 9 ವೋಲ್ಟ್ ಸಂಜೆ ಮೇನ್ಸ್ ಇಳಿದಾಗ 8.7 ಆದರೂ ಸಾಕು, ಬೇಸಿನಲ್ಲಿ 21 ಮಿಲಿವೋಲ್ಟ್ ಕಡಿಮೆಯಾಗಿ ಕರೆಂಟು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಪ್ರಿಸೆಟ್ ತಿರುಗಿಸುವುದು ಆ ಕ್ಷಣದ, ಆ ಕೋಣೆಯ, ಆ ಸಪ್ಲೈಯ ಹೊಂದಾಣಿಕೆ ಮಾತ್ರ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಒಂದು ಪರೀಕ್ಷೆ ಮಾಡಿ. ಆ ಸರ್ಕ್ಯೂಟನ್ನು ಬಿಚ್ಚುವ ಮೊದಲು ಪ್ರಿಸೆಟ್ ತಿರುಗಿಸಿ ಮತ್ತೆ 4.4ಕ್ಕೆ ತನ್ನಿ. ಬೆಳಗಿನ ತಂಪಿನಲ್ಲಿ ಮಾಡಿದರೆ ಒಳ್ಳೆಯದು. ಮೀಟರಿನ ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಕಡ್ಡಿ ಕಲೆಕ್ಟರಿಗೆ ಇಟ್ಟು, ಟ್ರಾನ್ಸಿಸ್ಟರಿನ ಕರಿಯ ತಲೆಯನ್ನು ಹೆಬ್ಬೆರಳು–ತೋರುಬೆರಳ ನಡುವೆ ಹಿಡಿಯಿರಿ, ಕಾಲುಗಳನ್ನು ಮುಟ್ಟಬೇಡಿ. ಅಂಕಿಗಳು ಮೊದಲು ಸರಸರನೆ, ಆಮೇಲೆ ನಿಧಾನವಾಗಿ ಇಳಿಯತೊಡಗುತ್ತವೆ. ಬೆರಳಿನಿಂದ ನಾಲ್ಕೇ ಡಿಗ್ರಿ ಏರಿದರೂ 4.4 ಇದ್ದದ್ದು 2.7ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕೈ ಬಿಟ್ಟರೆ ತಣ್ಣಗಾಗುತ್ತ ಮೇಲೇರುತ್ತದೆ. ಒಳ್ಳೆಯ ಥರ್ಮಾಮೀಟರ್, ಕೆಟ್ಟ ಆಂಪ್ಲಿಫೈಯರ್.

ಹಾಗಾದರೆ ಬೇಸ್ ಕರೆಂಟನ್ನು ಕಟ್ಟಿಹಾಕಿದರೆ ಬೀಟಾ ಕಾಡುತ್ತದೆ, ಬೇಸ್ ವೋಲ್ಟೇಜನ್ನು ಕಟ್ಟಿಹಾಕಿದರೆ ಬಿಸಿಲು ಕಾಡುತ್ತದೆ. ಕಟ್ಟಿಹಾಕಬೇಕಾದದ್ದು ಎಮಿಟರಿನ ಕರೆಂಟನ್ನು. ಅದಕ್ಕೆ ಬೇಕಾಗಿರುವುದು ನಿಮ್ಮ ಸರ್ಕ್ಯೂಟಿನಲ್ಲಿ ಇಲ್ಲದ ಒಂದು ರೆಸಿಸ್ಟರ್, ಎಮಿಟರಿಗೂ ಗ್ರೌಂಡಿಗೂ ನಡುವೆ.

ಮೌಲ್ಯಗಳನ್ನು ಹೀಗೆ ಇಟ್ಟುಕೊಳ್ಳಿ: ಎಮಿಟರಿಗೆ 1 ಕೆ, ಕಲೆಕ್ಟರಿಗೆ ಇರುವ 4.7 ಕೆ, ಬೇಸಿನ ಮೇಲ್ಗಡೆ 68 ಕೆ, ಕೆಳಗಡೆ 15 ಕೆ. ಬೇಸಿನ ಈ ಎರಡು ರೆಸಿಸ್ಟರುಗಳ ಜೋಡಿ, ಅಂದರೆ ಡಿವೈಡರ್, 9 ವೋಲ್ಟನ್ನು ಹಂಚಿ ಬೇಸಿಗೆ ಸುಮಾರು 1.6 ವೋಲ್ಟ್ ಕೊಡುತ್ತದೆ. ಅದರಲ್ಲಿ 0.63ರಷ್ಟನ್ನು ಬೇಸ್–ಎಮಿಟರ್ ಜಂಕ್ಷನ್ ನುಂಗಿಕೊಂಡು, ಉಳಿದ ಒಂದು ವೋಲ್ಟ್ ಎಮಿಟರಿನ 1 ಕೆ ಮೇಲೆ ನಿಲ್ಲುತ್ತದೆ. ಒಂದು ವೋಲ್ಟ್, ಒಂದು ಕೆ, ಆದ್ದರಿಂದ ಒಂದು ಮಿಲಿಆಂಪಿಯರ್. ಕರೆಂಟು ಎಷ್ಟಿರಬೇಕೆಂದು ಈಗ ಹೇಳುತ್ತಿರುವುದು ನೀವು ಕೊಂಡ ರೆಸಿಸ್ಟರುಗಳು. ಬಿಸಿಯಾಗಿ ಕರೆಂಟು ಏರಲು ಹೊರಟರೆ ಎಮಿಟರಿನ ವೋಲ್ಟೇಜೂ ಏರುತ್ತದೆ, ಬೇಸ್ ಇದ್ದಲ್ಲೇ ಇರುತ್ತದೆ, ನಡುವಿನ ಅಂತರ ಕಡಿಮೆಯಾಗಿ ಟ್ರಾನ್ಸಿಸ್ಟರ್ ತಾನಾಗಿಯೇ ಹಿಂಜರಿಯುತ್ತದೆ. ಗಾಳಿಪಟಕ್ಕೆ ಬಾಲಂಗೋಚಿ ಕಟ್ಟಿದಂತೆ. ಗಾಳಿ ಹೇಗೆ ಬೀಸಿದರೂ ಗಿರಕಿ ಹೊಡೆಯಲು ಬಿಡದು. ಹಾಗೆಂದು ಬಾಲ ಭಾರವಾದರೆ ಪಟ ಮೇಲೇರುವುದೂ ಇಲ್ಲ. ಆ ಬೆಲೆಯ ಮಾತು ಮುಂದೆ ಬರುತ್ತದೆ.

ನಿಮ್ಮ ಮೂರೂ ಟ್ರಾನ್ಸಿಸ್ಟರುಗಳಿಗೆ ಲೆಕ್ಕ ಹಾಕಿ ನೋಡಿದೆ. ಬೀಟಾ 150 ಇರುವುದಕ್ಕೆ ಕಲೆಕ್ಟರಿನಲ್ಲಿ 4.7 ವೋಲ್ಟ್, 260ಕ್ಕೆ 4.5, 530ಕ್ಕೆ 4.4. ಡೇಟಾಶೀಟಿನ ಎರಡು ತುದಿಗಳಾದ 110 ಮತ್ತು 800ನ್ನು ತೆಗೆದುಕೊಂಡರೂ 4.8 ಮತ್ತು 4.4ರ ನಡುವೆಯೇ. ಬೀಟಾ ಏಳು ಪಟ್ಟು ಬದಲಾದರೆ ಕರೆಂಟು ಬದಲಾಗುವುದು ಶೇ. 10ರಷ್ಟು. ಇನ್ನು ಬಳ್ಳಾರಿಯ 24 ಡಿಗ್ರಿ: ಅದೇ 48 ಮಿಲಿವೋಲ್ಟ್ ಈಗ ಎಮಿಟರಿನ ಒಂದು ವೋಲ್ಟಿಗೆ ಸೇರುತ್ತದೆ, ಕರೆಂಟು ಶೇ. 5 ಏರುತ್ತದೆ, ಕಲೆಕ್ಟರ್ 0.2 ವೋಲ್ಟ್ ಇಳಿಯುತ್ತದೆ. ಬೆರಳಿನ ಪರೀಕ್ಷೆಯನ್ನು ಇಲ್ಲಿಯೂ ಮಾಡಿ, ಮೀಟರಿನ ಎರಡನೆಯ ದಶಾಂಶ ಅಲುಗಾಡಬಹುದು. ಎಮಿಟರಿಗೆ ಸುಮಾರು ಒಂದು ವೋಲ್ಟ್ ಇಡಿ ಎಂದು ಹಳಬರು ಹೇಳುತ್ತಿದ್ದುದು ಇದೇ ಕಾರಣಕ್ಕೆ. ಋತುಮಾನದ ಐವತ್ತು ಮಿಲಿವೋಲ್ಟ್ ಏರಿಳಿತ ಒಂದು ವೋಲ್ಟಿನ ಮುಂದೆ ಸಣ್ಣದು, 0.1 ವೋಲ್ಟಿನ ಮುಂದೆ ದೊಡ್ಡದು.

ಡಿವೈಡರಿನ ರೆಸಿಸ್ಟರುಗಳನ್ನು 680 ಕೆ, 150 ಕೆ ಎಂದು ಹತ್ತರಷ್ಟು ಮಾಡಿದರೂ ಅನುಪಾತ ಅದೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಅನುಪಾತ ಅದೇ, ಗಟ್ಟಿತನ ಅದೇ ಅಲ್ಲ. ಬೀಟಾ 110 ಇರುವ ಟ್ರಾನ್ಸಿಸ್ಟರ್ ಬೇಸಿಗೆ 9 ಮೈಕ್ರೋಆಂಪಿಯರ್ ಕೇಳುತ್ತದೆ. ಡಿವೈಡರಿನಲ್ಲಿ ಹರಿಯುವುದೇ 11 ಮೈಕ್ರೋಆಂಪಿಯರ್ ಆದರೆ ಬೇಸ್ ಕುಸಿಯುತ್ತದೆ. ಕೇಳುವುದರ ಹತ್ತರಷ್ಟು ಡಿವೈಡರಿನಲ್ಲಿ ಹರಿಯುತ್ತಿರಲಿ, ಅದೂ ಅತಿ ಕಡಿಮೆ ಬೀಟಾದ ಲೆಕ್ಕದಲ್ಲಿ.

ನಿಮ್ಮ ಪಠ್ಯದಲ್ಲಿ ಸ್ಟೆಬಿಲಿಟಿ ಫ್ಯಾಕ್ಟರ್ ಎಂಬ ಅಧ್ಯಾಯವಿರುತ್ತದೆ. ಆ ಲೆಕ್ಕದಲ್ಲಿ (ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು) ನಿಮ್ಮ ಮೊದಲ ಸರ್ಕ್ಯೂಟಿನದು 261, ಇದರದು 13ರ ಹತ್ತಿರ. ಪರೀಕ್ಷೆಗೆ ಬರೆಯಿರಿ. ಆದರೆ ಅದು ಹುಟ್ಟಿದ್ದು ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಕಾಲದಲ್ಲಿ, ಪ್ರತಿ 10 ಡಿಗ್ರಿಗೆ ಎರಡರಷ್ಟಾಗುವ ಸೋರಿಕೆಯ ಕರೆಂಟಿಗೆ ಹೆದರಿ. ಸಿಲಿಕಾನಿನಲ್ಲಿ ಈ ಸೋರಿಕೆ ನ್ಯಾನೋಆಂಪಿಯರುಗಳಲ್ಲಿದೆ. ಬಳ್ಳಾರಿಯಲ್ಲಿಯೂ ಅದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಪುಸ್ತಕಗಳು ಇನ್ನೂ ಸೋರಿಕೆಗೇ ಪುಟಗಟ್ಟಲೆ ಮೀಸಲಿಟ್ಟು, ಬೇಸ್–ಎಮಿಟರ್ ವೋಲ್ಟೇಜಿನ ಇಳಿತವನ್ನು ಎರಡು ಸಾಲಿನಲ್ಲಿ ಮುಗಿಸುವುದು ನನಗೆ ಹಿಡಿಸುವುದಿಲ್ಲ.

ಈಗ ಬಾಲಂಗೋಚಿಯ ಬೆಲೆ. ಎಮಿಟರಿನ 1 ಕೆ ಡಿ.ಸಿ.ಯನ್ನು ತಡೆದಂತೆಯೇ ಸಿಗ್ನಲ್ಲನ್ನೂ ತಡೆಯುತ್ತದೆ. ಗೇನ್ 4.7 ಕೆ ಭಾಗಿಸು 1 ಕೆ, ಐದೂ ಇಲ್ಲ. ಮೈಕಿಗೆ ಅದು ಸಾಲದು. ಅದಕ್ಕೇ 1 ಕೆಗೆ ಅಡ್ಡಲಾಗಿ ಒಂದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಹಾಕುತ್ತಾರೆ. ಡಿ.ಸಿ. ರೆಸಿಸ್ಟರಿನಲ್ಲಿಯೇ ಹರಿಯುತ್ತದೆ, ದನಿ ಕೆಪಾಸಿಟರಿನಲ್ಲಿ ಹಾಯ್ದು ಹೋಗುತ್ತದೆ. ಗೇನ್ ಒಮ್ಮೆಲೇ 180ರ ಹತ್ತಿರಕ್ಕೆ ಜಿಗಿಯುತ್ತದೆ. ಈ ಕೆಪಾಸಿಟರಿನ ಮೌಲ್ಯದಲ್ಲಿ ಹತ್ತರಲ್ಲಿ ಎಂಟು ಮಂದಿ ಎಡವುತ್ತಾರೆ. 1 ಕೆ ಜೊತೆ ಲೆಕ್ಕ ಹಾಕಿದರೆ 10 ಮೈಕ್ರೋಫ್ಯಾರಡ್‌ಗೆ 16 ಹರ್ಟ್ಸ್ ಬರುತ್ತದೆ, ಸಾಕೆನಿಸುತ್ತದೆ. ಆದರೆ ಕೆಪಾಸಿಟರಿಗೆ ಕಾಣುವುದು ಆ 1 ಕೆ ಅಲ್ಲ, ಎಮಿಟರಿನ ಒಳಗಿನ ಪ್ರತಿರೋಧ. ಒಂದು ಮಿಲಿಆಂಪಿಯರಿನಲ್ಲಿ ಅದು 26 ಓಮ್ ಅಷ್ಟೇ. ಅದರೊಂದಿಗೆ ಲೆಕ್ಕ ಹಾಕಿದರೆ 10 ಮೈಕ್ರೋಫ್ಯಾರಡ್ ಸುಮಾರು 600 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಕೊಚ್ಚಿಹಾಕುತ್ತದೆ. ದನಿ ಹಳೆಯ ಟೆಲಿಫೋನಿನಲ್ಲಿ ಮಾತನಾಡಿದಂತಿರುತ್ತದೆ. 100 ಮೈಕ್ರೋಫ್ಯಾರಡ್ ಆದರೆ 60 ಹರ್ಟ್ಸ್, 220 ಆದರೆ 30ರ ಒಳಗೆ.

ಆದರೂ ಪೂರ್ತಿ ಬೈಪಾಸ್ ಮಾಡುವುದು ನನಗೆ ಇಷ್ಟವಿಲ್ಲ. ಆಗ ಸಿಗ್ನಲ್ಲಿನ ದೃಷ್ಟಿಯಲ್ಲಿ ಎಮಿಟರ್ ಮತ್ತೆ ಗ್ರೌಂಡಿಗೇ ಕೂತಂತೆ. 18 ಮಿಲಿವೋಲ್ಟಿಗೆ ಎರಡರಷ್ಟಾಗುವ ಆ ವಕ್ರತೆ ದನಿಯಲ್ಲಿ ಕೇಳುತ್ತದೆ. ಬೇಸಿಗೆ ಬರುವ ಸಿಗ್ನಲ್ ಒಂದು ಮಿಲಿವೋಲ್ಟ್ ಇದ್ದರೆ ವಿಕೃತಿ ಶೇ. 1, ಮೈಕಿನ ಹತ್ತಿರ ಬಾಯಿಟ್ಟು ಕೂಗಿ ಹತ್ತು ಮಿಲಿವೋಲ್ಟ್ ಬಂದರೆ ಶೇ. 10. 1 ಕೆ ಬದಲು 100 ಓಮ್ ಮತ್ತು 820 ಓಮ್ ಎರಡನ್ನು ಸಾಲಾಗಿ ಜೋಡಿಸಿ, 820ಕ್ಕೆ ಮಾತ್ರ 100 ಮೈಕ್ರೋಫ್ಯಾರಡ್ ಅಡ್ಡ ಹಾಕಿ. ಗೇನ್ 37ರಷ್ಟಿರುತ್ತದೆ, ಟ್ರಾನ್ಸಿಸ್ಟರ್ ಬದಲಿಸಿದರೂ ಹೆಚ್ಚೇನೂ ಅಲುಗಾಡದು, ದನಿ ಸ್ವಚ್ಛ. ಎಲಿಮಿನೇಟರಿನ ಗುಂಯ್‌ಗುಡುವಿಕೆ ಕೇಳಿಸಿದರೆ ಬೇಸಿನ 68 ಕೆ ತೆಗೆದು ಎರಡು 33 ಕೆ ಹಾಕಿ, ಅವುಗಳ ನಡುವಿನಿಂದ ಗ್ರೌಂಡಿಗೆ 47 ಮೈಕ್ರೋಫ್ಯಾರಡ್ ಕೊಡಿ. ಡಿವೈಡರ್ ಸಪ್ಲೈಯ ಕೊಳೆಯನ್ನೂ ಬೇಸಿಗೆ ಸಾಗಿಸುತ್ತದೆ ಎಂಬುದನ್ನು ಎಷ್ಟೋ ಸಿದ್ಧ ನಕ್ಷೆಗಳು ಮರೆತಿರುತ್ತವೆ.

ಬೋರ್ಡು ಕೆತ್ತಿ ಬೆಸುಗೆ ಹಾಕಿಯಾಗಿದೆ, ಇಷ್ಟೆಲ್ಲ ಸೇರಿಸಲು ಜಾಗವಿಲ್ಲ ಎನ್ನುವಂತಿದ್ದರೆ ಒಂದು ಬಡವರ ಉಪಾಯವೂ ಇದೆ. ಬೇಸಿನ ರೆಸಿಸ್ಟರಿನ ಮೇಲಿನ ತುದಿಯನ್ನು ಪ್ಲಸ್ಸಿನಿಂದ ಕಿತ್ತು ಕಲೆಕ್ಟರಿಗೆ ಜೋಡಿಸಿ, ಮೌಲ್ಯವನ್ನು 1 ಮೆಗ್ ಮಾಡಿ. ಕರೆಂಟು ಹೆಚ್ಚಿದರೆ ಕಲೆಕ್ಟರ್ ಇಳಿಯುತ್ತದೆ, ಬೇಸಿಗೆ ಸಿಗುವುದೂ ಕಡಿಮೆಯಾಗುತ್ತದೆ. ಬೀಟಾ 150ಕ್ಕೆ ಐದೂವರೆ ವೋಲ್ಟ್, 530ಕ್ಕೆ ಮೂರು. ಡಿವೈಡರಿನಷ್ಟು ಬಿಗಿಯಲ್ಲ, ಆದರೆ ಎಂದೂ ಸ್ಯಾಚುರೇಟ್ ಆಗದು. ಒಂದೇ ಒಂದು ಬೆಸುಗೆಯ ಬದಲಾವಣೆಗೆ ಇಷ್ಟು ಸಿಕ್ಕರೆ ಲಾಭವೇ.

ಮುಂದೆ ನೀವು ಪವರ್ ಆಂಪ್ಲಿಫೈಯರಿಗೆ ಕೈ ಹಾಕುತ್ತೀರಿ, ಎಲ್ಲರೂ ಹಾಕುತ್ತಾರೆ. ಅಲ್ಲಿ ಬಯಾಸ್, ಅಂದರೆ ಸಿಗ್ನಲ್ ಇಲ್ಲದಾಗಲೂ ಟ್ರಾನ್ಸಿಸ್ಟರಿಗೆ ಕೊಟ್ಟಿರುವ ವೋಲ್ಟೇಜು, ತಪ್ಪಿದರೆ ದನಿ ಕೆಡುವುದಲ್ಲ, ಹೊಗೆ ಬರುತ್ತದೆ. ನಿಮ್ಮ ವಯಸ್ಸಿನಲ್ಲಿ ನಾನು ನಮ್ಮ ಬೀದಿಯ ಗಣೇಶನ ಪೆಂಡಾಲಿಗೆಂದು ಒಂದು ಕಟ್ಟಿದ್ದೆ. ಟಿ.ಐ.ಪಿ. 41ಸಿ, 42ಸಿ ಪವರ್ ಟ್ರಾನ್ಸಿಸ್ಟರುಗಳ ಜೋಡಿ, ಎರಡೂ ಬದಿ 30 ವೋಲ್ಟ್. ನಕ್ಷೆಯಲ್ಲಿ ಔಟ್‌ಪುಟ್ ಎಮಿಟರುಗಳಿಗೆ ಒಂದೊಂದು 0.47 ಓಮ್ ರೆಸಿಸ್ಟರ್ ತೋರಿಸಿತ್ತು. ಊರಿನ ಅಂಗಡಿಯಲ್ಲಿ ಸಿಗಲಿಲ್ಲ. ಅರ್ಧ ಓಮ್ ಇದ್ದರೇನು ಇಲ್ಲದಿದ್ದರೇನು ಎಂದು ತಂತಿಯ ತುಂಡು ಹಾಕಿದೆ. ಬಯಾಸ್ ಕೊಡುವ ಡಯೋಡುಗಳನ್ನು ಬೋರ್ಡಿನ ಮೇಲೆ, ಹೀಟ್ ಸಿಂಕಿನಿಂದ ಗೇಣುದೂರದಲ್ಲಿ ಕೂರಿಸಿದೆ. ಸಂಜೆಯ ಮಂಗಳಾರತಿ ಚೆನ್ನಾಗಿಯೇ ಆಯಿತು. ಆರ್ಕೆಸ್ಟ್ರಾದ ಮೂರನೆಯ ಹಾಡಿಗೆ ಹೀಟ್ ಸಿಂಕ್ ಮುಟ್ಟಲಾಗದಷ್ಟು ಕಾದಿತ್ತು. ನಾಲ್ಕನೆಯ ಹಾಡು ಕೇಳಿಸಲಿಲ್ಲ.

ಏನಾಯಿತೆಂದು ಈಗ ನಿಮಗೇ ಗೊತ್ತಾಗಬೇಕು. ಔಟ್‌ಪುಟ್ ಟ್ರಾನ್ಸಿಸ್ಟರುಗಳು 50 ಡಿಗ್ರಿ ಕಾದರೆ ಅವುಗಳಿಗೆ ಬೇಕಾದ ವೋಲ್ಟೇಜು ತಲಾ 100 ಮಿಲಿವೋಲ್ಟ್ ಇಳಿಯುತ್ತದೆ. ತಣ್ಣಗೆ ಕೂತ ಡಯೋಡುಗಳಿಗೆ ಅದರ ಸುದ್ದಿಯೇ ಇಲ್ಲ, ಹಳೆಯ ವೋಲ್ಟೇಜನ್ನೇ ಕೊಡುತ್ತಿರುತ್ತವೆ. 0.47 ಓಮ್ ಇದ್ದಿದ್ದರೆ 50 ಮಿಲಿಆಂಪಿಯರಿನ ವಿರಾಮದ (ಸಿಗ್ನಲ್ ಇಲ್ಲದಾಗಿನ) ಕರೆಂಟು 185ರಷ್ಟಕ್ಕೆ ಏರಿ, 3 ವಾಟ್ ಬಿಸಿ 11 ವಾಟ್ ಆಗುತ್ತಿತ್ತು. ಕೆಟ್ಟದ್ದೇ, ಆದರೂ ದೊಡ್ಡ ಹೀಟ್ ಸಿಂಕ್ ತಾಳಿಕೊಳ್ಳಬಹುದಿತ್ತು. ತಂತಿ ಇದ್ದುದರಿಂದ ಕರೆಂಟು ನಲವತ್ತು ಪಟ್ಟು ದಾಟುವ ದಾರಿ ತೆರೆದುಕೊಂಡಿತು. ಕರೆಂಟು ಹೆಚ್ಚಿ ಬಿಸಿ, ಬಿಸಿ ಹೆಚ್ಚಿ ಕರೆಂಟು, ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಅರ್ಧ ಓಮಿನ ಬಾಲಂಗೋಚಿಯನ್ನು ಆಮೇಲೆ ನಾನು ಎಂದೂ ಬಿಟ್ಟಿಲ್ಲ.

ಡಯೋಡುಗಳ ಬದಲು ಅಲ್ಲಿ ಬಿ.ಡಿ. 139ರಂಥ ಒಂದು ಟ್ರಾನ್ಸಿಸ್ಟರನ್ನು ಬಳಸುವುದು ಉತ್ತಮ. ಅದರ ಮೈಯಲ್ಲಿ ತೂತು ಇರುವುದರಿಂದ ಔಟ್‌ಪುಟ್ ಜೋಡಿಯ ಪಕ್ಕದಲ್ಲೇ ಹೀಟ್ ಸಿಂಕಿಗೆ ಸ್ಕ್ರೂ ಹಾಕಿ ಕೂರಿಸಬಹುದು, ನಡುವೆ ಮೈಕಾ ಹಾಳೆ ಮರೆಯಬೇಡಿ. ಅವು ಕಾದರೆ ಇದೂ ಕಾಯುತ್ತದೆ, ತಾನು ಕೊಡುವ ವೋಲ್ಟೇಜನ್ನು ತಾನೇ ಇಳಿಸಿಕೊಳ್ಳುತ್ತದೆ. ಐ.ಸಿ.ಗಳ ಒಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ. ಒಂದೇ ಚಿಪ್ಪಿನ ಮೇಲೆ ಅಕ್ಕಪಕ್ಕ ಹುಟ್ಟಿದ ಎರಡು ಟ್ರಾನ್ಸಿಸ್ಟರುಗಳ ಬಿಸಿ ಒಂದೇ, ಗುಣವೂ ಒಂದೇ, ಆದ್ದರಿಂದ ಒಂದರ ಕರೆಂಟನ್ನು ಇನ್ನೊಂದು ಕನ್ನಡಿಯಂತೆ ಅನುಸರಿಸುತ್ತದೆ. 1960ರ ದಶಕದಲ್ಲಿ ಫೇರ್‌ಚೈಲ್ಡ್ ಕಂಪನಿಯಲ್ಲಿದ್ದ ಬಾಬ್ ವಿಡ್ಲರ್ ಈ ಒಂದು ಗುಣವನ್ನು ಹಿಡಿದು ಆಪ್‌ಆಂಪ್ ಎಂಬ ಆಂಪ್ಲಿಫೈಯರ್ ಐ.ಸಿ.ಗಳನ್ನೇ ಕಟ್ಟಿದರು. ಬಿಡಿ ಬಿ.ಸಿ. 547ಗಳಲ್ಲಿ ಈ ಕನ್ನಡಿ ಕಟ್ಟಲು ಹೊರಟರೆ ಎರಡು ಡಿಗ್ರಿ ವ್ಯತ್ಯಾಸಕ್ಕೇ ಶೇ. 17 ತಪ್ಪು ಬರುತ್ತದೆ. ಎರಡರ ಚಪ್ಪಟೆ ಮುಖಗಳನ್ನು ಒಂದಕ್ಕೊಂದು ಅಂಟಿಸಿದರೆ ಸ್ವಲ್ಪ ವಾಸಿ.

ನಿಮ್ಮ ಸೀನಿಯರ್ ಕೊಡಿಸಿದ 1 ಕೆ ಪ್ರಿಸೆಟ್ಟನ್ನು ಎಸೆಯಬೇಡಿ, ಅದು ಈ ಬಿ.ಡಿ. 139ಕ್ಕೆ ಬೇಕಾಗುತ್ತದೆ. ಹಾಕುವಾಗ ಅದರ ಬೇಸಿಗೂ ಎಮಿಟರಿಗೂ ನಡುವೆ ಹಾಕಿ, ಕಲೆಕ್ಟರಿಗೂ ಬೇಸಿಗೂ ನಡುವೆ ಸ್ಥಿರ ರೆಸಿಸ್ಟರ್ ಇರಲಿ. ಧೂಳು ತುಂಬಿ ಪ್ರಿಸೆಟ್ಟಿನ ನಡುಗಾಲು ಸಂಪರ್ಕ ಬಿಟ್ಟರೆ ಆಗ ಬಯಾಸ್ ಕನಿಷ್ಠಕ್ಕೆ ಇಳಿದು ದನಿ ಸ್ವಲ್ಪ ಒರಟಾಗುತ್ತದೆ, ಅಷ್ಟೆ. ಎರಡನ್ನು ಅದಲುಬದಲು ಮಾಡಿದ್ದರೆ ಆ ಕ್ಷಣದಲ್ಲೇ ಬಯಾಸ್ ಗರಿಷ್ಠಕ್ಕೆ ಹಾರಿ ಔಟ್‌ಪುಟ್ ಜೋಡಿ ಸುಟ್ಟುಹೋಗುತ್ತದೆ.